ದಿನಕ್ಕೊಂದು ಫೋಟೊ: ಕಾಫಿಯ ಹಬೆ ಕಾಣ್ತಿಲ್ಲ, ಮನಸ್ಸೂ ನಿಲ್ತಿಲ್ಲ

ತುಳಸಿಕಟ್ಟೆ ಕೇಳಿದ್ದು:

ಮನೆಯೊಳಗಿನ ದಿನನಿತ್ಯದ ಸಂಗತಿಗಳನ್ನೇ ದಿನಕ್ಕೊಂದರಂತೆ ಫೋನಿನಲ್ಲಿ ತೆಗೆಯೋದು ನಡೀತಿದೆ. ಬೆಳಗಿನ ಕಾಫಿ, ಬಾಗಿಲ ಮುಂದಿನ ರಂಗೋಲಿ, ಸಂಜೆಯ ದೀಪ, ಇಷ್ಟೇ. ತೊಂದರೆಗಳು ಹೀಗಿವೆ: ಕಣ್ಣಿಗೆ ಚೆನ್ನಾಗಿ ಕಾಣುವ ಹಬೆ ಫೋಟೊದಲ್ಲಿ ಇರೋದೇ ಇಲ್ಲ. ರಂಗೋಲಿಯ ಎಳೆ ಸುಣ್ಣ ಬಳಿದ ಹಾಗೆ ಚಪ್ಪಟೆ, ನೆಲವೆಲ್ಲ ನೀಲಿ. ದೀಪದ ಕುಡಿ ಒಂದು ಬಿಳಿ ಉಂಡೆ. ಇನ್ನೊಂದು ತೊಂದರೆ ಸೆಟ್ಟಿಂಗಿನದಲ್ಲ. ಒಂದು ಲೋಟ ಕಾಫಿಗೆ 40 ಫೋಟೊ ಆಗುತ್ತೆ, ಅಷ್ಟರಲ್ಲಿ ಕಾಫಿ ಆರಿರುತ್ತೆ. ನೆಮ್ಮದಿಗೆ ಅಂತ ಹಿಡಿದ ಅಭ್ಯಾಸ ಕಿರಿಕಿರಿ ಆಗ್ತಿದೆ. ಫೋನ್ ಸಾಧಾರಣ ಆಂಡ್ರಾಯ್ಡ್, ಸೆಟ್ಟಿಂಗನ್ನು ನಾವೇ ಹೊಂದಿಸುವ ಪ್ರೊ ಮೋಡ್ ಇದೆ. ಕ್ಯಾಮೆರಾ ಕೊಳ್ಳುವ ಯೋಚನೆ ಇಲ್ಲ.

---

ಓರೆಬೆಳಕು ಉತ್ತರ:

ಮೊದಲು ಹಬೆ. ಅದು ನೀರಿನ ಸಣ್ಣ ಸಣ್ಣ ಹನಿ. ಬೆಳಕು ಹಿಂದಿನಿಂದ ಬಂದರೆ ಆ ಹನಿಗಳು ಅದನ್ನು ನಮ್ಮ ಕಡೆ ಚೆಲ್ಲುತ್ತವೆ, ಮುಂದಿನಿಂದ ಬಿದ್ದರೆ ಅಷ್ಟು ಹೊಳೆಯೋದಿಲ್ಲ. ಕಿಟಕಿಗೆ ಬೆನ್ನು ಹಾಕಿ ತೆಗೆದವರಿಗೆ ಹಬೆ ಸಿಗದಿರೋದು ಇದಕ್ಕೇ. ಗಡಿಯಾರ ನೆನಪಿಸಿಕೊಳ್ಳಿ: ಲೋಟ ನಡುವೆ, ನೀವು 6ರ ಜಾಗದಲ್ಲಿ, ಕಿಟಕಿ 10 ಅಥವಾ 2ರ ಕಡೆ. ಸೀದಾ 12ಕ್ಕೆ ಬಂದರೆ ಕಿಟಕಿಯೇ ಚೌಕಟ್ಟಿನೊಳಗೆ ನುಗ್ಗಿ ಎಲ್ಲ ಬೆಳ್ಳಗಾಗುತ್ತೆ.

ಹಬೆಯ ಹಿಂದೆ ಕಪ್ಪು ಬೇಕು. ಬಿಳಿ ಗೋಡೆಯ ಮುಂದೆ ಬಿಳಿ ಹಬೆ ಹೇಗೆ ಕಂಡೀತು? ಹಳೇ ಮರದ ಬಾಗಿಲು, ಕತ್ತಲಿರುವ ನಡುಮನೆ, ಏನೂ ಇಲ್ಲದಿದ್ದರೆ ಕುರ್ಚಿಯ ಬೆನ್ನಿಗೆ ಹಾಕಿದ ಕಡುಬಣ್ಣದ ಸೀರೆ. ಲೋಟ ಕಿಟಕಿಯಿಂದ ಎರಡಡಿ ದೂರ, ಹಿನ್ನೆಲೆ ಲೋಟದಿಂದ ಮೂರ್ನಾಲ್ಕು ಅಡಿ ಹಿಂದೆ. ಹಿನ್ನೆಲೆ ತೀರ ಹತ್ತಿರ ಇದ್ದರೆ ಅದರ ಮೇಲೂ ಕಿಟಕಿ ಬೆಳಕು ಬಿದ್ದು ಕಪ್ಪು ಕೆಡುತ್ತೆ.

ಫ್ಯಾನ್ ಆರಿಸಿ. ಇದನ್ನು ಮರೆತವರೇ ಹೆಚ್ಚು. ಸ್ಟೀಲ್ ಲೋಟ ಬೇಗ ಆರುತ್ತೆ, ಹಾಗಾಗಿ ಮೊದಲೇ ಕುದಿನೀರಲ್ಲಿ ತೊಳೆದಿಡಿ. ಖಾಲಿ ಲೋಟ ಇಟ್ಟೇ ಚೌಕಟ್ಟು ಹೊಂದಿಸಿ, ಲೋಟದ ಅಂಚಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಆಮೇಲೆ ಕಾಫಿ ಸುರಿಯಿರಿ. ಫೋನಿಗೆ ಬಿಟ್ಟರೆ ಅದು ಹಬೆಗೂ ಹಿನ್ನೆಲೆಗೂ ನಡುವೆ ಫೋಕಸ್ ಹುಡುಕುತ್ತಾ ಕೂರುತ್ತೆ. ಫೋನಿನ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಸಾಮಾನ್ಯವಾಗಿ ಬದಲಾಗೋದಿಲ್ಲ, ಆದ್ದರಿಂದ ನಿಮ್ಮ ಕೈಯಲ್ಲಿರೋದು ಎರಡೇ: ಶಟರ್ (ಬೆಳಕು ಒಳಬಿಡುವ ಹೊತ್ತು) ಸೆಕೆಂಡಿನ 1/125ರಿಂದ 1/200, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 400ರ ಒಳಗೆ. 1/30ಕ್ಕೆ ಇಳಿದರೆ ಸುರುಳಿ ಕರಗಿ ಮಂಜಿನ ಹಾಗಾಗುತ್ತೆ. ಆಟೊದಲ್ಲಿ ಕಪ್ಪು ಹಿನ್ನೆಲೆ ಕಂಡ ಕೂಡಲೇ ಫೋನ್ ಇಡೀ ಚಿತ್ರವನ್ನು ಬೆಳಗಿಸಿಬಿಡುತ್ತೆ, ಅದಕ್ಕೆ ಎಕ್ಸ್‌ಪೋಷರ್ (ಚಿತ್ರದ ಒಟ್ಟು ಬೆಳಕು) −1ರಷ್ಟು ಇಳಿಸಿ.

ನೊರೆಗೂ ಇದೇ ಮಾತು. ನೊರೆ ಹೆಚ್ಚು ಹೊತ್ತು ಕಾಯೋದಿಲ್ಲ. ಎಲ್ಲ ಸಜ್ಜಾಗಿದ್ದರೆ ನಾಲ್ಕೈದು ಒತ್ತಿಗೆ ಮುಗಿಯುತ್ತೆ, ಬಿಸಿ ಇರುವಾಗಲೇ ಕುಡಿಯಬಹುದು.

ಇನ್ನೊಂದು: ಲೋಟದ ಹೊಟ್ಟೆಯಲ್ಲಿ ನಿಮ್ಮ ಮುಖವೂ ಫೋನೂ ಡೊಂಕಾಗಿ ಕಾಣುತ್ತವೆ. ಎರಡಡಿ ಹಿಂದೆ ಸರಿದು ತೆಗೆದು ಆಮೇಲೆ ಕತ್ತರಿಸಿ, ಪ್ರತಿಬಿಂಬ ಚಿಕ್ಕದಾಗುತ್ತೆ. ಬಿಳಿ ಬನಿಯನ್ ಹಾಕ್ಕೊಂಡು ತೆಗೀಬೇಡಿ ಅಷ್ಟೆ.

---

ಎಳೆಚುಕ್ಕಿ ಉತ್ತರ:

ರಂಗೋಲಿಗೆ ನನ್ನ ಪಾಲಿನ ಉತ್ತರ.

ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಯಾವುದನ್ನು ಕಂಡರೂ ನಡುಬೂದು ಅಂತಲೇ ಎಣಿಸುತ್ತೆ. ಸಗಣಿ ಸಾರಿಸಿದ ಅಂಗಳವಾಗಲಿ, ಕೆಂಪು ಗಾರೆಯಾಗಲಿ, ಚೌಕಟ್ಟಿನ ಮುಕ್ಕಾಲು ಪಾಲು ಕಪ್ಪು ನೆಲವೇ. ಅದನ್ನು ಬೂದು ಮಾಡಲು ಹೋಗಿ ಬಿಳಿ ಎಳೆ ಸುಟ್ಟುಹೋಗುತ್ತೆ. ಎಕ್ಸ್‌ಪೋಷರನ್ನು −0.7ರಿಂದ −1ಕ್ಕೆ ಇಳಿಸಿದರೆ ಪುಡಿಯ ಕಾಳು ಕಾಳು ಕಾಣುತ್ತೆ. ಸುಟ್ಟ ಬಿಳಿಯನ್ನು ಆಮೇಲೆ ಎಡಿಟ್ ಮಾಡಿ ತರೋಕಾಗಲ್ಲ, ಕಪ್ಪಾದದ್ದನ್ನು ಸ್ವಲ್ಪ ಎತ್ತಬಹುದು.

ನೀಲಿಗೆ ಕಾರಣ ಆಕಾಶ. ಬಿಸಿಲು ಬರುವ ಮುಂಚೆ ಅಂಗಳಕ್ಕೆ ಬೀಳೋದು ಆಕಾಶದ ಬೆಳಕು ಮಾತ್ರ. ಪ್ರೊ ಮೋಡಿನಲ್ಲಿ ವೈಟ್ ಬ್ಯಾಲೆನ್ಸನ್ನು (ಬೆಳಕಿನ ಬಣ್ಣ ಸರಿದೂಗಿಸುವ ಸೆಟ್ಟಿಂಗ್) 6500ರಿಂದ 7500 ಕೆಲ್ವಿನ್ ನಡುವೆ ಇಡಿ. ಅಲ್ಲಿ ಅಂಕಿ ಏರಿದಷ್ಟೂ ಚಿತ್ರ ಹಳದಿಯ ಕಡೆ ವಾಲುತ್ತೆ, ಹಾಗೆ ನೋಡಿಕೊಂಡು ನಿಲ್ಲಿಸಿ. ಪೂರ್ತಿ ನೀಲಿ ತೆಗೆದರೆ ಮುಂಜಾವು ಅನ್ನೋದೇ ಹೋಗಿಬಿಡುತ್ತೆ. ಒಂಚೂರು ಇರಲಿ.

ಚಪ್ಪಟೆ ಅನ್ನಿಸೋದಕ್ಕೆ ಮದ್ದು ಓರೆ ಬಿಸಿಲು. ಸೂರ್ಯ ಹುಟ್ಟಿದ ಮೊದಲ ಅರ್ಧ ಗಂಟೆಯಲ್ಲಿ ಎಳೆಗೂ ನೆರಳು ಬೀಳುತ್ತೆ, ಬೆರಳು ಎಲ್ಲಿ ತಡೆದಿದೆ, ಎಲ್ಲಿ ಓಡಿದೆ ಅಂತ ಗೊತ್ತಾಗುತ್ತೆ. ಸೂರ್ಯನ ಕಡೆ ಮುಖ ಮಾಡಿ ನಿಂತರೆ ನಿಮ್ಮ ನೆರಳು ಹಿಂದೆ ಬೀಳುತ್ತೆ. ಚುಕ್ಕಿ ರಂಗೋಲಿಯನ್ನು ಮೇಲಿಂದ ತೆಗೆಯುವುದಾದರೆ ಫೋನ್ ನೆಲಕ್ಕೆ ಸಮವಾಗಿರಬೇಕು. ಸ್ವಲ್ಪ ವಾಲಿದರೂ ಚೌಕ ಮೊರದ ಆಕಾರಕ್ಕೆ ತಿರುಗುತ್ತೆ. ಗ್ರಿಡ್ ಗೆರೆ ಹಾಕಿಕೊಂಡು ಮೊದಲ ಸಾಲಿನ ಚುಕ್ಕಿಗಳನ್ನು ಅದಕ್ಕೆ ಹೊಂದಿಸಿ. ಅಕ್ಕಿಹಿಟ್ಟಿನದ್ದಾದರೆ ಒಂದು ಗಂಟೆ ಬಿಟ್ಟು ಮತ್ತೆ ಹೋಗಿ ನೋಡಿ, ಇರುವೆ ಸಾಲು ಬಂದಿರುತ್ತೆ. ಅದೂ ರಂಗೋಲಿಯ ಫೋಟೊವೇ.

ದೀಪಕ್ಕೆ: ನೈಟ್ ಮೋಡ್ ಆಫ್ ಮಾಡಿ. ಅದು ಹಲವು ಫ್ರೇಮುಗಳನ್ನು ಒಂದರ ಮೇಲೊಂದು ಸೇರಿಸುತ್ತೆ, ಅಲುಗುವ ಕುಡಿ ಉಂಡೆಯಾಗೋದು ಅಲ್ಲೇ. ಐಎಸ್‌ಒ 100–200, ಶಟರ್ 1/60–1/125, ಕುಡಿಯ ಹಳದಿ ಅಂಚು ಬಿಡಿಸಿ ಕಾಣುವ ತನಕ ಚಿತ್ರದ ಬೆಳಕು ಇಳಿಸಿ. ಆಗ ಸುತ್ತಲೂ ಕಗ್ಗತ್ತಲಾಗುತ್ತೆ, ಅದಕ್ಕೇ ಹೊತ್ತು ಮುಳುಗಿ 15–20 ನಿಮಿಷದೊಳಗೆ, ಕಿಟಕಿಯಲ್ಲಿ ಇನ್ನೂ ಬೆಳಕಿರುವಾಗಲೇ ತೆಗೆಯಿರಿ. ವೈಟ್ ಬ್ಯಾಲೆನ್ಸ್ ಆಟೊದಲ್ಲಿದ್ದರೆ ಫೋನು ಎಣ್ಣೆದೀಪದ ಬಣ್ಣವನ್ನು ತೊಳೆದುಬಿಡುತ್ತೆ. 4000ದ ಸುಮಾರಿಗೆ ನಿಲ್ಲಿಸಿ. ಬತ್ತಿ ಉದ್ದವಿದ್ದರೆ ಹೊಗೆಯಾಡುತ್ತೆ, ಕುಡಿಯೂ ಬಳುಕುತ್ತೆ. ಸ್ವಲ್ಪ ಹಿಂದಕ್ಕೆ ಎಳೆಯಿರಿ.

---

ತುಳಸಿಕಟ್ಟೆ:

ಇಬ್ಬರಿಗೂ ಧನ್ಯವಾದ. ಅಡುಗೆಮನೆಯಲ್ಲಿ ಟ್ಯೂಬ್‌ಲೈಟ್ ಹಾಕಿದಾಗ ಫೋಟೊದಲ್ಲಿ ಕಪ್ಪು ಪಟ್ಟಿ ಬರ್ತಿದೆ. ಜೊತೆಗೆ ದೀಪದ ಸುತ್ತ ಉದ್ದುದ್ದ ಗೆರೆ. ಫೋನ್ ಕೆಟ್ಟಿದೆಯಾ?

---

ಓರೆಬೆಳಕು:

ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತೆ. ಸೆನ್ಸರ್ ಸಾಲು ಸಾಲಾಗಿ ಓದೋದರಿಂದ ವೇಗದ ಶಟರಿನಲ್ಲಿ ಕೆಲವು ಸಾಲಿಗೆ ಬೆಳಕು ಸಿಗುತ್ತೆ, ಕೆಲವಕ್ಕೆ ಇಲ್ಲ. ಶಟರ್ 1/100 ಅಥವಾ 1/50 ಇಡಿ, ಪಟ್ಟಿ ಹೋಗುತ್ತೆ. ಕೆಲವು ಅಗ್ಗದ ಎಲ್‌ಇಡಿ ಬಲ್ಬುಗಳಲ್ಲೂ ಇದೇ ಕಥೆ. ಹಗಲಾದರೆ ಲೈಟನ್ನೇ ಆರಿಸಿ. ಕಿಟಕಿಯದು ಒಂದು ಬಣ್ಣ, ಬಲ್ಬಿನದು ಇನ್ನೊಂದು, ಎರಡಕ್ಕೂ ಒಂದೇ ವೈಟ್ ಬ್ಯಾಲೆನ್ಸ್ ಹೊಂದೋದಿಲ್ಲ.

ಉದ್ದ ಗೆರೆ ಒಗ್ಗರಣೆ ಎಣ್ಣೆಯದು. ಲೆನ್ಸ್ ಮೇಲೆ ತೆಳ್ಳಗೆ ಜಿಡ್ಡು ಕೂತಿದೆ. ಬಾಯಿಂದ ಉಸಿರು ಬಿಟ್ಟು, ತೊಳೆದ ಹಳೇ ಪಂಚೆಯ ಮೆತ್ತನೆ ತುಂಡಿನಿಂದ ಒರೆಸಿ. ಟಿಶ್ಯೂ ಬೇಡ, ಸೆರಗೂ ಬೇಡ, ಜರಿ ಗೀಚುತ್ತೆ.

---

ಮೂವತ್ತಾರು_ಫ್ರೇಮ್ ಉತ್ತರ:

ಸೆಟ್ಟಿಂಗುಗಳೆಲ್ಲ ಸರಿ, ಆದರೆ ಆ 40 ಫೋಟೊಗಳೇ ಅಸಲು ಪ್ರಶ್ನೆ ಅನ್ನಿಸುತ್ತೆ. ಇದರ ಬಗ್ಗೆ ಒಂದಿಷ್ಟು ಪ್ರಯೋಗ ನಡೆದಿದೆ. 2014ರಲ್ಲಿ ಲಿಂಡಾ ಹೆಂಕೆಲ್ ಎಂಬ ಮನಃಶಾಸ್ತ್ರಜ್ಞೆ ಮ್ಯೂಸಿಯಂ ಒಂದರಲ್ಲಿ ಪರೀಕ್ಷಿಸಿದಾಗ, ಇಡೀ ವಸ್ತುವಿನ ಫೋಟೊ ತೆಗೆದವರಿಗೆ ಅದರ ನೆನಪು, ಬರೀ ನೋಡಿದವರಿಗಿಂತ ಕಡಿಮೆ ಉಳಿದಿತ್ತು. ಆದರೆ ವಸ್ತುವಿನ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದವರಲ್ಲಿ ಆ ನಷ್ಟ ಕಾಣಲಿಲ್ಲ. 2018ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ಜಾಲತಾಣಕ್ಕೆ ಹಾಕಲೆಂದೇ ತೆಗೆಯುವವರಿಗೆ, ತಮಗಾಗಿ ತೆಗೆಯುವವರಷ್ಟು ಖುಷಿ ಸಿಗೋದಿಲ್ಲ. ಪೋಸ್ಟ್ ಮಾಡಿದಾಗ ನಾಲ್ಕು ಜನ ಏನಂದಾರು ಅನ್ನೋ ಚಿಂತೆ ನಡುವೆ ಬರುತ್ತೆ.

ಹೀಗೆ ಮಾಡಿ ನೋಡಿ. ಮೊದಲ ಒಂದು ನಿಮಿಷ ಫೋನ್ ಮುಟ್ಟಬೇಡಿ, ಬೆಳಕು ಎಲ್ಲಿಂದ ಬರ್ತಿದೆ ಅಂತಷ್ಟೇ ನೋಡಿ. ಆಮೇಲೆ ಏರೋಪ್ಲೇನ್ ಮೋಡ್, ದಿನಕ್ಕೆ ಐದೇ ಒತ್ತು. ಐದೂ ಒಂದೇ ಕೋನದಿಂದ ಬೇಡ: ಒಂದು ದೂರದಿಂದ, ಉಳಿದದ್ದು ಒಂದೊಂದು ಭಾಗಕ್ಕೆ, ಲೋಟದ ಅಂಚು, ಬಸಿಯಲ್ಲಿ ಚೆಲ್ಲಿದ ಹನಿ, ಹಿಡಿದ ಬೆರಳು. ತೆಗೆದ ಮೇಲೆ ಗ್ಯಾಲರಿ ತೆರೆಯಬೇಡಿ. ಭಾನುವಾರ ಕೂತು ವಾರದ 35ರಲ್ಲಿ ಮೂರು ಇಟ್ಟುಕೊಂಡು ಉಳಿದದ್ದನ್ನು ಅಳಿಸಿ. ಹಳೇ ಫಿಲ್ಮ್ ರೋಲಿನಲ್ಲಿ ಇದ್ದದ್ದೇ 36 ಫ್ರೇಮ್, ಹೆಚ್ಚುಕಡಿಮೆ ಅಷ್ಟೇ ಆಯ್ತು.

ವಿಷಯವನ್ನು ದಿನಾ ಬದಲಿಸಲೂ ಬೇಡಿ. ಅದೇ ಕಿಟಕಿ, ಅದೇ ಹೊತ್ತು, ಒಂದು ತಿಂಗಳು. ಆಗ ಬದಲಾಗೋದು ಬೆಳಕು ಮಾತ್ರ. ಹೊಸದೇನು ತೆಗೆಯಲಿ ಅನ್ನೋ ತವಕವೇ ಅರ್ಧ ಕಿರಿಕಿರಿ.

---

ಎಳೆಚುಕ್ಕಿ:

ಐದು ಅನ್ನೋದು ಕಾಫಿಗೆ ಸರಿ. ಹೂ ಕಟ್ಟುವ ಕೈಗೋ ಒಗ್ಗರಣೆಗೋ ಸಾಲದು. ಅಲ್ಲಿ ಬರ್ಸ್ಟ್ (ಒತ್ತಿ ಹಿಡಿದಾಗ ಸಾಲಾಗಿ ಹಲವು ಫೋಟೊ) ಬೇಕು, ಒಂದು ಬರ್ಸ್ಟ್ ಅಂದರೆ ಒಂದು ಒತ್ತು ಅಂತ ಲೆಕ್ಕ ಹಾಕಿಕೊಳ್ಳಲಿ. ಸಾಸಿವೆ ಸಿಡಿಯೋದನ್ನು ನಿಲ್ಲಿಸಿ ತೋರಿಸಲು 1/500 ಬೇಕಾಗುತ್ತೆ, ಅಷ್ಟು ಬೆಳಕು ಹೆಚ್ಚಿನ ಅಡುಗೆಮನೆಗಳಲ್ಲಿ ಇರೋದಿಲ್ಲ. ಕೈಗಳಿಗೆ 1/60 ಸಾಕು, ಬೆರಳು ಸ್ವಲ್ಪ ಮಸುಕಾದರೆ ಕಟ್ಟುವ ವೇಗವೇ ಕಾಣುತ್ತೆ.

ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳು ಸಿಕ್ಕರೆ ನೋಡಿ. 1977ರಲ್ಲಿ ಪದ್ಮಶ್ರೀ ಬಂದವರು. ಅವರ ಚಿತ್ರಗಳಲ್ಲಿ ಹೆಚ್ಚಾಗಿ ಇರೋರು ಸಾಮಾನ್ಯ ಜನ, ಮಕ್ಕಳು. ಲೋಟ, ದೀಪ ಮಾತ್ರ ತೆಗೆದು ಬೇಸರ ಬಂದಾಗ ಮನೆಯವರ ಕೈಯನ್ನು ಚೌಕಟ್ಟಿಗೆ ತನ್ನಿ, ಕೇಳಿಯೇ ತೆಗೆಯಿರಿ.

---

ಮೂವತ್ತಾರು_ಫ್ರೇಮ್:

ಬರ್ಸ್ಟ್ ಲೆಕ್ಕ ಒಪ್ಪಿದೆ.

ಭಾನುವಾರ ಉಳಿದ ಮೂರನ್ನು ತಿಂಗಳಿಗೊಮ್ಮೆ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ. 4×6 ಇಂಚಿಗೆ 1200×1800 ಪಿಕ್ಸೆಲ್ ಇದ್ದರೆ ಧಾರಾಳ. ತಪ್ಪು ಆಗೋದು ಎರಡು ಕಡೆ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿ. ಇನ್ನೊಂದು, ಫೋನಿನ ಚಿತ್ರ 4:3, ಪ್ರಿಂಟ್ ಕಾಗದ 3:2. ಅಡ್ಡ ಚಿತ್ರವಾದರೆ ಮೇಲೆ ಕೆಳಗೆ ಕಾಲು ಕಾಲು ಇಂಚು ಹಾರಿಹೋಗುತ್ತೆ, ಹಬೆಯ ತುದಿ ಅಲ್ಲೇ ಇರುತ್ತೆ. ತೆಗೆಯುವಾಗಲೇ ಜಾಗ ಬಿಡಿ, ಇಲ್ಲವೇ ಸುತ್ತ ಬಿಳಿ ಅಂಚು ಬಿಟ್ಟು ಪೂರ್ತಿ ಹಾಕಿ ಅಂತ ಹೇಳಿ.

ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿಸುವ ಆಲ್ಬಂ ಬೇಡ, ಆ ಅಂಟಿಗೆ ಕಾಲ ಕಳೆದಂತೆ ಹಳದಿ ಹಿಡಿಯುತ್ತೆ, ಫೋಟೊ ಕಿತ್ತು ಬರೋದೂ ಇಲ್ಲ. ಜೇಬಿನಂತೆ ತೂರಿಸುವ ಆಲ್ಬಂ ತಗೊಳ್ಳಿ. ಹಿಂದೆ ತಾರೀಖು, ಹೊತ್ತು ಬರೆಯುವುದಾದರೆ ಬಾಲ್‌ಪೆನ್ ಒತ್ತಿ ಬರೆಯಬೇಡಿ, ಗೆರೆ ಮುಂದಕ್ಕೆ ಮೂಡುತ್ತೆ. ನುಣುಪು ಕಾಗದಕ್ಕೆ ಪೆನ್ಸಿಲ್ ಹತ್ತದಿದ್ದರೆ ಸಿ.ಡಿ. ಮೇಲೆ ಬರೆಯುವ ಮಾರ್ಕರ್ ಆಗುತ್ತೆ, ಒಣಗುವ ತನಕ ಒಂದರ ಮೇಲೊಂದು ಪೇರಿಸಬೇಡಿ.