ಅಪ್ಪನನ್ನು ಕೂಗಿ ಕರೆದದ್ದೋ, ಅಪ್ಪನ ಮೇಲೆ ರೇಗಿದ್ದೋ?

ಪ್ರಶ್ನೆ (ಪದವಿ ವಿದ್ಯಾರ್ಥಿನಿ, ತೀರ್ಥಹಳ್ಳಿ):
ಮಳೆಗಾಲದ ಒಂದು ದಿನವನ್ನು ಕುರಿತ ಇಂಗ್ಲಿಷ್ ಪ್ರಬಂಧದಲ್ಲಿ, ಕೆಳಗಿನ ತೋಟದಲ್ಲಿ ಅಡಿಕೆಗೆ ಔಷಧಿ ಹೊಡೆಸುತ್ತಿದ್ದ ಅಪ್ಪನಿಗೆ ಊಟಕ್ಕೆ ಬರುವಂತೆ ಕೂಗಿದೆ ಎನ್ನುವುದನ್ನು ‘ಐ ಶೌಟೆಡ್ ಆ್ಯಟ್ ಮೈ ಫಾದರ್’ ಎಂದು ಬರೆದಿದ್ದೆ. ಉಪನ್ಯಾಸಕರು ಅಂಚಿನಲ್ಲಿ ‘ಪಾಪ, ಅವರೇನು ತಪ್ಪು ಮಾಡಿದ್ದರು?’ ಎಂದು ಬರೆದು ಹಿಂತಿರುಗಿಸಿದರು. ಅಲ್ಲಿ ‘ಟು’ ಬರಬೇಕಿತ್ತಂತೆ. ಇವೆರಡರ ವ್ಯತ್ಯಾಸವನ್ನು ಯಾರಾದರೂ ವಿವರಿಸುವಿರಾ?

ಉತ್ತರ 1 (ನಿವೃತ್ತ ಶಿಕ್ಷಕ, ಸಾಗರ):
ಕನ್ನಡದಲ್ಲಿ ಸಿಟ್ಟು ಕ್ರಿಯಾಪದದಲ್ಲಿಯೇ ಇರುತ್ತದೆ. ಕೂಗುವುದು ಬೇರೆ, ರೇಗುವುದು ಬೇರೆ. ಇಂಗ್ಲಿಷಿನಲ್ಲಿ ‘ಶೌಟ್’ ಹಾಗೆಯೇ ಉಳಿದು, ಆ ಭಾರವನ್ನು ಪಕ್ಕದ ಪುಟ್ಟ ಪದ ಹೊರುತ್ತದೆ. ‘ಟು’ ಎಂದರೆ ಮಾತು ಅವರಿಗೆ ತಲುಪಲಿ ಎಂಬ ಉದ್ದೇಶ. ‘ಆ್ಯಟ್’ ಎಂದರೆ ಅವರೇ ಗುರಿ. ಎಸೆಯುವುದಕ್ಕೂ ಇದೇ ಮಾತು. ತೋಟಕ್ಕೆ ನುಗ್ಗಿದ ಮಂಗನಿಗೆ ಕಲ್ಲೆಸೆದೆ ಎನ್ನಲು ‘ಥ್ರೋ ಟು’ ಬಳಸಿದರೆ, ಹಿಡಿದುಕೊಳ್ಳಲಿ ಎಂದು ಮೆಲ್ಲಗೆ ಎಸೆದುಕೊಟ್ಟಂತಾಗುತ್ತದೆ. ಬಾಳೆಹಣ್ಣಾದರೆ ಸರಿ, ಕಲ್ಲಿಗೆ ‘ಆ್ಯಟ್’ ಬೇಕು.

ಉತ್ತರ 2 (ಶಿವಮೊಗ್ಗ):
ಮೇಲಿನ ವಿವರಣೆ ಸೊಗಸಾಗಿದೆ, ಆದರೆ ‘ಆ್ಯಟ್’ ಬಂದಲ್ಲೆಲ್ಲ ಹಗೆತನವಿದೆ ಎಂದುಕೊಳ್ಳಬೇಡಿ. ‘ಲುಕ್ ಆ್ಯಟ್’, ‘ಸ್ಮೈಲ್ ಆ್ಯಟ್’ ಎನ್ನುವಾಗ ನೋಟವೋ ನಗುವೋ ಯಾರ ಕಡೆಗೆ ಎಂಬುದಷ್ಟೇ ಮುಖ್ಯ.

ನಮ್ಮವರನ್ನು ಇದಕ್ಕಿಂತ ಹೆಚ್ಚು ಕಾಡುವುದು, ಏನೂ ಬೇಡವಾದಲ್ಲಿ ಒಂದು ಪದ ಸೇರಿಸುವ ಅಭ್ಯಾಸ. ‘ಬೆಲೆಯ ಬಗ್ಗೆ ಚರ್ಚಿಸಿದೆವು’ ಎಂಬುದು ನಾಲಿಗೆಯ ಮೇಲಿರುವುದರಿಂದ ‘ಡಿಸ್ಕಸ್ಡ್ ಅಬೌಟ್’ ಎಂದುಬಿಡುತ್ತೇವೆ. ‘ಡಿಸ್ಕಸ್’ ಕ್ರಿಯಾಪದಕ್ಕೆ ‘ಅಬೌಟ್’ ಬೇಡ. ‘ಡಿಸ್ಕಷನ್’ ಎಂಬ ನಾಮಪದಕ್ಕೆ ಮಾತ್ರ ಅದು ಹೊಂದುತ್ತದೆ, ಗೊಂದಲ ಹುಟ್ಟುವುದೂ ಬಹುಶಃ ಅಲ್ಲಿಯೇ. ‘ಸಾಗರಕ್ಕೆ ತಲುಪಿದೆವು’ ಎನ್ನುವವರು ‘ರೀಚ್ಡ್ ಟು ಸಾಗರ’ ಎನ್ನುತ್ತಾರೆ. ‘ಸಾಗರವನ್ನು ತಲುಪಿದೆವು’ ಎಂದು ಮನಸ್ಸಿನಲ್ಲಿ ಹೇಳಿಕೊಂಡರೆ ಆ ‘ಟು’ ತಾನಾಗಿ ಬಿದ್ದುಹೋಗುತ್ತದೆ. ‘ಅರೈವ್’ ಮಾತ್ರ ಬೇರೆ: ಶಿವಮೊಗ್ಗದಂಥ ಊರಿಗೆ ‘ಇನ್’, ಬಸ್ ನಿಲ್ದಾಣಕ್ಕೆ ‘ಆ್ಯಟ್’, ಎಲ್ಲಿಗೂ ‘ಟು’ ಇಲ್ಲ.

ಉತ್ತರ 3 (ಸಾಗರದ ಶಿಕ್ಷಕರೇ):
ಒಪ್ಪಿದೆ. ‘ಗುರಿ’ ಎಂದಷ್ಟೇ ಇಟ್ಟುಕೊಳ್ಳೋಣ. ಶೌಟ್, ಥ್ರೋ ಮುಂತಾದ ಕೆಲವಕ್ಕೆ ಮಾತ್ರ ಗುರಿಯ ಜೊತೆ ಏಟೂ ಇರುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ವಾಕ್ಯವನ್ನು ತಿದ್ದಿದ್ದೇನೆ. ಅಂದಹಾಗೆ, ಅಂದು ಅಪ್ಪ ಊಟಕ್ಕೆ ಬಂದದ್ದು ಮೂರು ಗಂಟೆಗೆ. ಆಗ ಅಮ್ಮ ಕೂಗಿದ್ದನ್ನು ಬರೆಯುವಾಗ ‘ಆ್ಯಟ್’ ಹಾಗೆಯೇ ಉಳಿಸಿಕೊಂಡಿದ್ದೇನೆ.