ತೇಗದ ಬೀರುವಿನ ಮೇಲೆ ಹಸೆ ಚಿತ್ತಾರ: ಬರೆಸಿದವರು ಅನುಭವ ಹೇಳಿ

ಪ್ರಶ್ನೆ (ಶಿವಮೊಗ್ಗ): ಅಜ್ಜಿಯ ಕಾಲದ ತೇಗದ ಬೀರು, ಆರೂವರೆ ಅಡಿ ಎತ್ತರ, ಎರಡು ಬಾಗಿಲು. ಪಾಲಿಶ್ ಮಂಕಾಗಿದೆ. ಮಲೆನಾಡಿನ ದೀವರ ಸಮುದಾಯದ ಹೆಂಗಸರು ಮದುವೆಯ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ಇದರ ಮೇಲೆ ಬರೆಸುವ ಆಸೆ. ವಿನ್ಯಾಸವನ್ನು ಹೇಗೆ ಗೊತ್ತುಮಾಡಿಕೊಂಡಿರಿ? ಖರ್ಚೆಷ್ಟು?

ಸಾಗರ: ನಮ್ಮದು ಹಲಸಿನ ಮರದ ಬೀರು. ಹಸೆ ಬರೆಯುವ ದೀವರ ಹಿರಿಯ ಹೆಂಗಸೊಬ್ಬರನ್ನು ಮನೆಗೆ ಕರೆಸಿ ಬರೆಸಿದೆವು. ಅವರಿಗೆ ಕೊಟ್ಟದ್ದು 8,000 ರೂಪಾಯಿ, ಸೀರೆ ಬೇರೆ. ಒಂದು ರೂಪಾಯಿಯೂ ಹೆಚ್ಚೆನಿಸಲಿಲ್ಲ. ಗೋಡೆಯಾದರೆ ಕೆಮ್ಮಣ್ಣಿನ ಮೇಲೆ ಅಕ್ಕಿಯ ಬಿಳಿ ಸಾಕು. ಬೀರುವಿನ ಮೇಲೆ ಅದು ಕೈ ತಾಗಿದಲ್ಲೆಲ್ಲ ಉದುರುತ್ತದೆಂದು ಅವರೇ ಹೇಳಿ ಅಕ್ರಿಲಿಕ್ ಒಪ್ಪಿದರು, ಕುಂಚ ಮಾತ್ರ ಪುಂಡಿನಾರಿನದೇ. ಅವರ ಜಾಣತನ ಕೇಳಿ: ಹಸೆಯ ನಡುವೆ ಮದುಮಕ್ಕಳು ಬರಬೇಕು, ಎರಡು ಬಾಗಿಲಿನ ಬೀರುವಿಗೆ ನಡು ಎಂದರೆ ಸಂದು. ಬಾಗಿಲು ತೆರೆದಾಗಲೆಲ್ಲ ಗಂಡು ಹೆಣ್ಣು ಬೇರೆಯಾಗಬಾರದೆಂದು ಒಂದೊಂದು ಬಾಗಿಲಿಗೂ ಪೂರ್ತಿ ಹಸೆ ಇಟ್ಟರು. ಹಿಡಿ, ಬೀಗದ ತೂತು, ಕೀಲು ಎಲ್ಲವನ್ನೂ ಪೂರ್ಣ ಅಳತೆಯ ಕಾಗದದ ಮೇಲೆ ಗುರುತಿಸಿ, ಅದನ್ನು ಬಾಗಿಲಿಗೆ ಅಂಟಿಸಿ ದೂರದಿಂದ ನೋಡಿದ ಮೇಲೆಯೇ ಎಳೆ ಎಳೆದದ್ದು.

ಹುಬ್ಬಳ್ಳಿ: ವಿನ್ಯಾಸ ಆಮೇಲಿನ ಮಾತು. ನಮ್ಮ ಸಾಗುವಾನಿ ಕಪಾಟಿನ ಲೆಕ್ಕ ಇಲ್ಲಿದೆ: ಸ್ಯಾಂಡ್‌ಪೇಪರ್ 420, ಪ್ರೈಮರ್ 1,150, ಬಣ್ಣ 2,780, ವಾರ್ನಿಷ್ 950, ಕೂಲಿ 9,000. ಒಟ್ಟು 14,300. ಪೇಂಟರ್ ಹಳೆಯ ಮೇಣವನ್ನು ಟರ್ಪೆಂಟೈನ್‌ನಿಂದ ಒರೆಸಲಿಲ್ಲ, ಮರದ ಕಲೆ ಮೇಲೇಳದಂತೆ ತಡೆಯುವ ಅರಗಿನ ಸೀಲರ್ ಬಳಿಯಲಿಲ್ಲ, ನೀರಿನ ಪ್ರೈಮರನ್ನೇ ನೇರವಾಗಿ ಹಚ್ಚಿದ. ಮಳೆಗಾಲ ಮುಗಿಯುವ ಮೊದಲೇ ಬಿಳಿ ಬಳ್ಳಿಗಳ ಮೇಲೆಲ್ಲ ಮರದ ಕಂದು ಕಲೆ ಎದ್ದಿತು, ಕೆಳಗಿನ ಅಂಚು ಹೊಟ್ಟಿನಂತೆ ಸುಲಿಯಿತು. ಫೋನ್ ಮಾಡಿದರೆ ಎತ್ತಲಿಲ್ಲ. ಬೇರೆಯವರಿಂದ ಸರಿಪಡಿಸಲು ಇನ್ನೂ 6,200. ಎಣ್ಣೆಯ ವಾರ್ನಿಷ್ ಹಳದಿಯಾಗಿದ್ದು ಅದರ ಮೇಲಿನ ಬರೆ.

ಮೈಸೂರು: ತೇಗಕ್ಕೆ ಬಣ್ಣ ಬಳಿಯುವುದೇ ಅನ್ಯಾಯ! ನಾವು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಕೈಯಿಂದಲೇ ಹಾಕಿಸಿದೆವು, 11,000 ಆಯಿತು. ಮರದ ಎಳೆಗಿಂತ ಚೆಂದದ ಚಿತ್ತಾರ ಯಾವುದಿದೆ? ಬಣ್ಣ ಬಳಿದ ತೇಗಕ್ಕೆ ಮಾರುವಾಗ ಅರ್ಧ ಬೆಲೆಯೂ ಬರುವುದಿಲ್ಲ.

ಹುಬ್ಬಳ್ಳಿ: ಮಾರುವ ಮಾತನ್ನು ಇಲ್ಲಿ ಯಾರೆತ್ತಿದರು? ನಮ್ಮ ಮನೆಯ ಕಲಘಟಗಿ ತೊಟ್ಟಿಲು ಸಾಗುವಾನಿಯದೇ, ಮೈತುಂಬ ಕೃಷ್ಣನ ಚಿತ್ರ. ಅದೂ ಅನ್ಯಾಯವೇ? ನಿಮ್ಮ ಪಾಲಿಶ್ ಮೇಲೆ ಒದ್ದೆ ಲೋಟ ಇಟ್ಟು ನೋಡಿ, ಬಿಳಿ ಕಲೆ ಬೀಳುತ್ತದೆ.

ಮೈಸೂರು: ಬೀರುವಿನ ಬಾಗಿಲ ಮೇಲೆ ಲೋಟ ಯಾರಿಡುತ್ತಾರೆ ಸ್ವಾಮಿ?

ಕೊಪ್ಪಳ: ಬಣ್ಣ ನಿಲ್ಲುವುದು ತಳದ ಮೇಲೆ. ನಮ್ಮ ಕಿನ್ನಾಳದ ಚಿತ್ರಗಾರರು ಬರಿ ಮರದ ಮೇಲೆ ಕುಂಚ ಇಡುವುದೇ ಇಲ್ಲ. ಸಂದುಗಳಿಗೆ ಹುಣಸೆ ಬೀಜದ ಅಂಟಿನಲ್ಲಿ ಬಟ್ಟೆ ಕೂರಿಸಿ, ಕಲ್ಲಿನ ಪುಡಿ ಕಲಸಿದ ಲೇಪ ಬಳಿದು, ಒಣಗಿಸಿ, ಆಮೇಲೆ ಬಣ್ಣ. ಮನೆಯ ದೇವರ ಮಂಟಪವನ್ನು ಹೀಗೆ ಮಾಡಿಸಲು 22,000 ಕೊಟ್ಟೆ, ಹೇಳಿದ ದಿನಕ್ಕೆ ಸಿಗಲಿಲ್ಲ, ಹಬ್ಬ ತಪ್ಪಿತು. ಆದರೂ ಇನ್ನೊಂದು ಮಾಡಿಸುವುದಿದ್ದರೆ ಅವರಿಂದಲೇ.

ಬೆಂಗಳೂರು: ಇಷ್ಟೆಲ್ಲ ಏಕೆ? ಚಿತ್ತಾರದ ಸ್ಟೆನ್ಸಿಲ್ 650 ರೂಪಾಯಿಗೆ ತರಿಸಿದೆ. ನಾನೇ ಸ್ಪಂಜಿನಿಂದ ಒತ್ತಿದೆ. ಎಲ್ಲ ಸೇರಿ 2,900. ನೋಡಿದವರೆಲ್ಲ ಕೇಳುತ್ತಾರೆ.

ಸಾಗರ: ಸ್ಟೆನ್ಸಿಲ್ ಒತ್ತಿ ಅದನ್ನು ಹಸೆ ಎನ್ನಬೇಡಿ. ಮದುವೆಯ ಮನೆಯಲ್ಲಿ ಹಾಡು ಹೇಳುತ್ತಾ ಬರೆಯುವ ಕಲೆ ಅದು.

ಬೆಂಗಳೂರು: ನಿಮ್ಮ ಅಕ್ರಿಲಿಕ್ ಯಾವ ಮದುವೆಯ ಮನೆಯದು? ಎಲ್ಲರ ಬಳಿ ಎಂಟು ಸಾವಿರ ಇರುವುದಿಲ್ಲ.

ಸಾಗರ: ಆ ಎಂಟು ಸಾವಿರ ಬರೆದವರ ಮನೆಗೆ ಹೋಯಿತು. ನಿಮ್ಮ 650ರಲ್ಲಿ ಅವರಿಗೆ ಎಷ್ಟು ಹೋಯಿತು? ಅದನ್ನು ಮೊದಲು ಹೇಳಿ.