ರಿಟ್ರೀಟ್ ಮುಗಿದ ಮೇಲಿನ ಈ ಉರಿ ದೇವಕರೆಯಾ? ತಿಳಿದವರು ಹೇಳಿ

ಪ್ರಶ್ನೆ, ಕಲ್ಯಾಣಪುರದಿಂದ:
ವಯಸ್ಸು 24, ಆಸ್ಪತ್ರೆಯಲ್ಲಿ ನರ್ಸ್. ರಿಟ್ರೀಟ್ (ಕೆಲವು ದಿನದ ಧ್ಯಾನಕೂಟ) ಮುಗಿಸಿ ಬಂದು ಮೂರು ವಾರ ಆಯ್ತು. ಕೆಲಸ ಬಿಟ್ಟು ಕಾನ್ವೆಂಟ್ ಸೇರಿ ಸಿಸ್ಟರ್ ಆಗಬೇಕೆಂಬ ಆಸೆ ಎದೆಯಲ್ಲಿ ಉರಿಯುತ್ತಾ ಉಂಟು. ಮನೆಯಲ್ಲಿ ಮದುವೆ ಮಾತೂ ಶುರುವಾಗಿದೆ. ಇದು ದೇವರ ಕರೆಯೋ, ರಿಟ್ರೀಟಿನ ಬಿಸಿಯೋ, ಮದುವೆಯಿಂದ ತಪ್ಪಿಸಿಕೊಳ್ಳುವ ಮನಸ್ಸೋ?

ಬೆಂದೂರಿನಿಂದ:
ತಂಗಿ, ಬಿಸಿ ಇರುವುದು ತಪ್ಪಲ್ಲ. ದೇವರ ಮಾತು ಎಲುಬುಗಳೊಳಗೆ ಬೆಂಕಿಯಂತಿದೆ ಎಂದು ಬೈಬಲಿನ ಪ್ರವಾದಿ ಯೆರೆಮೀಯನೇ ಹೇಳಿದ್ದಾನೆ. ಆದರೆ ಆ ಬಿಸಿಯಲ್ಲಿ ಹರಕೆ ಹೇಳಬೇಡ, ರಾಜೀನಾಮೆ ಬರೆಯಬೇಡ. ಜೆಸ್ಯುಟ್ ಸಭೆ ಕಟ್ಟಿದ ಲೊಯೋಲಾದ ಸಂತ ಇಗ್ನೇಷಿಯಸರು ಧ್ಯಾನ ಮಾಡಿಸುವ ಗುರುಗಳಿಗೇ ಈ ಸೂಚನೆ ಕೊಟ್ಟಿದ್ದಾರೆ: ಎದುರಿಗಿರುವವರು ಉತ್ಸಾಹದಿಂದ ತುಂಬಿರುವಾಗ ಅವಸರದ ಹರಕೆ ಹೊರದಂತೆ ಎಚ್ಚರಿಸಬೇಕು. ಪ್ರಾರ್ಥನೆ ರುಚಿಸದೆ ಮನಸ್ಸು ಬರಿದಾದ ದಿನಗಳಲ್ಲಿ ಮೊದಲೇ ಮಾಡಿದ ನಿರ್ಧಾರವನ್ನು ಬದಲಿಸಬಾರದು ಎಂಬುದೂ ಅವರದೇ ನಿಯಮ.

ಒಂದು ತೆಳು ನೋಟ್‌ಬುಕ್ ತೆಗೆದುಕೊ. ರಾತ್ರಿ 15 ನಿಮಿಷ ಸಾಕು. ಮೊದಲು ಕೃತಜ್ಞತೆ, ಆಮೇಲೆ ಬೆಳಗಿನಿಂದ ನಡೆದದ್ದನ್ನೆಲ್ಲ ನೆನೆದು ಎಲ್ಲಿ ದೇವರಿಗೆ ಹತ್ತಿರವಾದೆ, ಎಲ್ಲಿ ದೂರ ಸರಿದೆ ಎಂದು ಎರಡು ಸಾಲು. ಕಾನ್ವೆಂಟಿನ ಯೋಚನೆ ಬಂದಾಗ ಹೇಗಿತ್ತು ಎನ್ನುವುದಕ್ಕಿಂತ, ಅದು ಹೋದ ಮೇಲೆ ಎಂತ ಉಳಿಯಿತು ಎಂದು ಬರೆ. ಇಗ್ನೇಷಿಯಸರು 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ಕಾಲಿಗೆ ಗುಂಡು ತಗಲಿ ಮಲಗಿದ್ದಾಗ ಗಮನಿಸಿದ್ದು ಇದನ್ನೇ. ವೀರನಾಗಿ ಮೆರೆಯುವ ಕನಸೂ ಸಿಹಿ, ಸಂತರಂತೆ ಬದುಕುವ ಕನಸೂ ಸಿಹಿ; ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಎರಡನೆಯದು ಮುಗಿದ ಮೇಲೂ ಸಂತೋಷ ನಿಲ್ಲುತ್ತಿತ್ತು.

ನೈಟ್ ಡ್ಯೂಟಿ ಇಳಿದ ದಿನದ ಪುಟಕ್ಕೆ ಮೂಲೆಯಲ್ಲಿ ಒಂದು ಗುರುತು ಹಾಕು. ನಿದ್ದೆಗೆಟ್ಟ ಬೇಸರವನ್ನು ದೇವರು ಕೈಬಿಟ್ಟದ್ದು ಎಂದು ತಿಳಿಯುವವರು ತುಂಬಾ ಜನ. ಮೂರು ತಿಂಗಳಾಗುವ ತನಕ ಹಿಂದಿನ ಪುಟಗಳನ್ನು ತಿರುಗಿಸಿ ನೋಡಬೇಡ. ದಿನವೂ ಓದಿದರೆ ಕೈ ನಮಗೆ ಬೇಕಾದ್ದನ್ನೇ ಬರೆಯಲಿಕ್ಕೆ ಶುರುಮಾಡುತ್ತದೆ. ಆಮೇಲೆ ಒಬ್ಬರು ಆತ್ಮಿಕ ಮಾರ್ಗದರ್ಶಕರೊಟ್ಟಿಗೆ ಕೂತು ಓದು.

ಬಲ್ಮಠದಿಂದ:
ನಾವು ಸಿಎಸ್‌ಐ ಎಂಬ ಪ್ರೊಟೆಸ್ಟೆಂಟ್ ಸಭೆಯವರು, ಕಾನ್ವೆಂಟಿನ ಕ್ರಮ ತಿಳಿದವರು ಹೇಳಲಿ. ಬೈಬಲ್ ವಾಕ್ಯದ ಕಡೆಯಿಂದ ಎರಡು ಮಾತು. ಬಾಲಕ ಸಮುವೇಲನನ್ನು ದೇವರೇ ಕರೆದರೂ ಅವನು ಯಾಜಕ ಏಲಿ ಕರೆದನೆಂದು ತಿಳಿದು ಮೂರು ಸಲ ಏಲಿಯ ಹತ್ತಿರ ಓಡಿದ. ಕರೆ ನಿಜವೇ ಆಗಿದ್ದರೂ ಅದನ್ನು ಗುರುತಿಸಲಿಕ್ಕೆ ಹಿರಿಯರೊಬ್ಬರು ಬೇಕಾಯಿತು. ಅಪೊಸ್ತಲರ ಕೃತ್ಯಗಳು 13ರಲ್ಲಿ ಬಾರ್ನಬನನ್ನೂ ಸೌಲನನ್ನೂ ಕಳುಹಿಸಿದ್ದು ಅಂತಿಯೋಕ್ಯದ ಸಭೆ, ಉಪವಾಸವಿದ್ದು ಪ್ರಾರ್ಥಿಸಿ. ಅವರಿಬ್ಬರೂ ಅಲ್ಲಿ ಆಗಲೇ ಬೋಧಿಸುತ್ತಿದ್ದವರು, ಹೊಸಬರಲ್ಲ.

ಆದ್ದರಿಂದ ನಿಮ್ಮ ಚರ್ಚಿನಲ್ಲೇ ಯಾರ ಕಣ್ಣಿಗೂ ಬೀಳದ ಒಂದು ಸೇವೆ ಹಿಡಿಯಿರಿ. ಚರ್ಚಿನ ನಿಮ್ಮ ವಾರ್ಡಿನ ನೆರೆಮನೆಗಳಲ್ಲಿ ಹಾಸಿಗೆ ಹಿಡಿದ ಒಬ್ಬರ ಮನೆಗೆ ವಾರಕ್ಕೊಮ್ಮೆ ಹೋಗುವುದಾದರೂ ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ, ಜಡಿಮಳೆಯಲ್ಲೂ ತಪ್ಪಿಸಬೇಡಿ. ಹೊಗಳುವವರಿಲ್ಲದ ಕಡೆಯೂ ಆಸೆ ಉಳಿಯುತ್ತದೋ ನೋಡಿ.

ಬೈಬಲನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟು ನೋಡುವುದು, 'ನಾಳೆ ಫೋನ್ ಬಂದರೆ ಕರೆ ನಿಜ' ಎಂದು ಗುರುತು ಕೇಳುವುದು ಬೇಡ. ಯುದ್ಧಕ್ಕೆ ಕರೆ ಪಡೆದ ಗಿದ್ಯೋನ ನೆಲದಲ್ಲಿಟ್ಟ ಉಣ್ಣೆಯ ಮೇಲೆ ಮಾತ್ರ ಇಬ್ಬನಿ ಬೀಳಲಿ ಎಂದು ಗುರುತು ಕೇಳಿದ್ದು ಕರೆ ಸಿಗಲಿಕ್ಕೆ ಅಲ್ಲ. ಸ್ಪಷ್ಟವಾಗಿ ಸಿಕ್ಕಿದ ಮೇಲೂ ಅವನಿಗೆ ಧೈರ್ಯ ಸಾಲದ್ದಕ್ಕೆ.

ಶಿರ್ವದಿಂದ:
ಮದುವೆ ವಿಷಯಕ್ಕೆ ಮಾತ್ರ ಹೇಳುತ್ತೇನೆ. ಒಳ್ಳೆಯ ಹುಡುಗ, ಒಳ್ಳೆಯ ಮನೆ, ನಿಮಗೂ ಒಪ್ಪಿಗೆ ಎಂದು ಕಲ್ಪಿಸಿಕೊಂಡು ಒಂದು ವಾರ ಪ್ರಾರ್ಥಿಸಿ. ಆಗಲೂ ಮನಸ್ಸು ಕಾನ್ವೆಂಟಿನ ಕಡೆಗೇ ವಾಲಿದರೆ ಅದು ಓಡಿಹೋಗುವುದಲ್ಲ. ಬೇಡದ ಸಂಬಂಧ ಬಂದಾಗ ಮಾತ್ರ ಆಸೆ ಜೋರಾಗುವುದಾದರೆ ಮೊದಲು ಅಮ್ಮನ ಹತ್ತಿರ ಮನಬಿಚ್ಚಿ ಮಾತಾಡಿ.

ಕಲ್ಯಾಣಪುರದಿಂದ:
ದೇವರು ನಿಮಗೆಲ್ಲ ಒಳ್ಳೆಯದು ಮಾಡಲಿ. ನರ್ಸಿಂಗ್ ಓದಿದ ಸಾಲ ಬ್ಯಾಂಕಿನಲ್ಲಿ ಇನ್ನೂ ಉಂಟು, ತಂಗಿಯ ಫೀಸೂ ನಾನೇ ಕಟ್ಟುವುದು. ಅಡ್ಡ ಬರುತ್ತದಾ?

ಜೆಪ್ಪುವಿನಿಂದ:
ಬರುತ್ತದೆ. ತೀರಿಸಲಾಗದ ಸಾಲ ಇರುವವರನ್ನು ಸೇರಿಸಿಕೊಳ್ಳಬಾರದು ಎಂದು ಕಥೋಲಿಕ ಸಭೆಯ ಕಾನೂನಾದ ಕ್ಯಾನನ್ ಕಾನೂನಿನ 644ನೇ ನಿಯಮವೇ ಹೇಳುತ್ತದೆ. ವ್ರತ ತೆಗೆದುಕೊಂಡ ಮೇಲೆ ನೀವು ದುಡಿದದ್ದು ನೀವು ಸೇರಿದ ಸಿಸ್ಟರುಗಳ ಸಂಸ್ಥೆಗೆ ಸೇರುತ್ತದೆ. ತಂಗಿಯ ಫೀಸಿಗೆ ಬೇರೆ ದಾರಿ ಮೊದಲೇ ಆಗಬೇಕು. ಈ ಹೊಣೆ ತೀರಿಸುವ ಸಮಯವನ್ನು ಕರೆಗೆ ಬಂದ ಅಡ್ಡಿ ಎಂದು ಎಣಿಸಬೇಡಿ, ನೋಟ್‌ಬುಕ್‌ಗೂ ಸೇವೆಗೂ ಸಿಕ್ಕಿದ ಸಮಯ ಅದು.

ಸೇರಿದ ಮೇಲೂ ಎಲ್ಲ ಒಮ್ಮೆಲೇ ಆಗುವುದಿಲ್ಲ. ನವಿಶಿಯೇಟ್ ಎಂಬ ತರಬೇತಿಯ ಕಾಲ ಕನಿಷ್ಠ 12 ತಿಂಗಳು. ಆ ಅವಧಿಯಲ್ಲಿ ಯಾವಾಗ ಬೇಕಾದರೂ ಹೊರಟು ಬರಬಹುದು. ಆಮೇಲೆ ತಾತ್ಕಾಲಿಕ ವ್ರತ, ಸಾಮಾನ್ಯವಾಗಿ 3ರಿಂದ 6 ವರ್ಷ. ಕೊನೆಗೆ ಜೀವನಪೂರ್ತಿಯ ನಿತ್ಯ ವ್ರತ.

ಸಂಸ್ಥೆ ಆರಿಸುವಾಗ ಅವರ ಕೆಲಸ ನೋಡಿ. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ಟೋಲಿಕ್ ಕಾರ್ಮೆಲ್‌ನವರದು ಮುಖ್ಯವಾಗಿ ಶಿಕ್ಷಣ. 1921ರಲ್ಲಿ ಇಲ್ಲೇ ಹುಟ್ಟಿದ ಬೆಥನಿಯವರಲ್ಲಿ ಶಿಕ್ಷಣದೊಟ್ಟಿಗೆ ಆರೋಗ್ಯ ಸೇವೆಯೂ ಉಂಟು. ನರ್ಸಿಂಗ್ ಮುಂದುವರಿಸಬಹುದಾ ಎಂದು ನೇರವಾಗಿ ಕೇಳಿ. ವಿಧೇಯತೆಯ ವ್ರತ ಎಂದರೆ ಕಳುಹಿಸಿದ ಕಡೆ ಹೋಗುವುದು.

ನೋಡಿ ಬರಲಿಕ್ಕೆ ಹೋಗುವಾಗ ಹಬ್ಬದ ದಿನ ಬೇಡ, ವಾರದ ನಡುವೆ ಎರಡು ದಿನ ಇದ್ದು ಬನ್ನಿ. ಬೆಳಗಿನ ಪ್ರಾರ್ಥನೆಗೆ ಕೂತುಕೊಳ್ಳಿ, ಊಟದ ಮೇಲೆ ಪಾತ್ರೆ ತೊಳೆಯಲಿಕ್ಕೂ ನಿಲ್ಲಿ. ಅದಕ್ಕೂ ಮೊದಲು ಬ್ಯಾಂಕಿಗೆ ಹೋಗಿ ಬಾಕಿ ಎಷ್ಟು, ಕಂತು ಎಷ್ಟು ಎಂದು ಬರೆಸಿಕೊಂಡು ಬಂದು, ಆ ಕಾಗದವನ್ನು ಮೊದಲ ಭೇಟಿಯಲ್ಲೇ ಸಿಸ್ಟರ್‌ಗೆ ತೋರಿಸಿ.